ಹೇಳಿದಷ್ಟೇ ಗೆಲ್ಲಬೇಕು: ಜಡ್ಜ್‌ಮೆಂಟ್ ಆಟ ಕಲಿಯುವವರಿಗೆ

ಎರಡು ಕೈ ಮಾಡುತ್ತೇನೆ ಎಂದು ಹೇಳಿ ಮೂರು ಮಾಡಿದರೆ ಎಷ್ಟು ಪಾಯಿಂಟು? ಸೊನ್ನೆ. ಒಂದೂ ಮಾಡುವುದಿಲ್ಲ ಎಂದು ಹೇಳಿ, ನಿಜಕ್ಕೂ ಒಂದೂ ಮಾಡದೆ ಕೂತರೆ? ಹತ್ತು. ಮುಂಬೈಯಲ್ಲಿ ಜಡ್ಜ್‌ಮೆಂಟ್ ಅಥವಾ ಕಾಚುಫುಲ್ ಎಂದು ಕರೆಯುವ ಇಸ್ಪೀಟು ಆಟದ ಜೀವ ಇರುವುದೇ ಈ ಲೆಕ್ಕದಲ್ಲಿ. ಕೈ ಅಂದರೆ ಎಲ್ಲರೂ ಒಂದೊಂದು ಎಲೆ ಹಾಕಿ, ಅದರಲ್ಲಿ ಒಬ್ಬರು ಗೆಲ್ಲುವುದು. ಇಪ್ಪತ್ತೆಂಟು ಎಂಬ ಇಸ್ಪೀಟು ಆಟ ಆಡಿ ಬೆಳೆದ ನಮ್ಮ ಕರಾವಳಿ ಕಡೆಯವರಿಗೆ ಇದು ಮೊದಮೊದಲು ವಿಚಿತ್ರ ಅನಿಸುತ್ತದೆ. ಅಲ್ಲಿ ಕೂಗಿದ್ದಕ್ಕಿಂತ ಜಾಸ್ತಿ ಬಂದರೆ ನಷ್ಟವೇನಿಲ್ಲ. ಇಲ್ಲಿ ಜಾಸ್ತಿ ಬಂದರೂ ಒಂದೇ, ಕಡಿಮೆ ಬಂದರೂ ಒಂದೇ. ಆ ಸುತ್ತು ಹೋಯಿತು ಅಂತಲೇ ಲೆಕ್ಕ.

ಈ ಊರಲ್ಲಿ ಇದಕ್ಕೆ ಜನ ಸೇರಿಸುವುದು ಕಷ್ಟವಲ್ಲ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಒಂದು ಬಿಲ್ಡಿಂಗ್ ತೆಗೆದುಕೊಳ್ಳಿ. ಗಣಪತಿ ಜಾಗರಣೆಯ ರಾತ್ರಿ ಕನ್ನಡದವರ ಮನೆಗೆ ಪಕ್ಕದ ಮರಾಠಿ ಕಾಕೂ ಬರುತ್ತಾರೆ, ಮೇಲಿನ ಮಹಡಿಯ ಗುಜರಾತಿ ಮನೆಯವರು ಬರುತ್ತಾರೆ. ಆಟ ಎಲ್ಲರಿಗೂ ಗೊತ್ತು. ಊರಿಗೆ ಹೊರಟ ಮತ್ಸ್ಯಗಂಧ ರೈಲಿನಲ್ಲೂ ಪನ್ವೇಲ್ ದಾಟುವ ಹೊತ್ತಿಗೆ ಎಲ್ಲೋ ಒಂದು ಕಡೆ ಎಲೆ ಕಲಸುವ ಸದ್ದು ಕೇಳುತ್ತದೆ. ಗೊಂದಲ ಆಗುವುದು ಎಲೆಗಳ ಹೆಸರಿನಲ್ಲಿ ಮಾತ್ರ. ನಾವು ಆಟೀನ್ ಅಂದರೆ ಅವರು ಬದಾಮ್. ನಮ್ಮ ಡೈಮಂಡ್ ಅವರ ಚೌಕಟ್, ನಮ್ಮ ಕಳಾವರ್ ಅವರ ಕಿಲ್ವರ್. ತುರುಪಿಗೆ, ಅಂದರೆ ಬೇರೆಲ್ಲ ಜಾತಿಯ ಎಲೆಗಳನ್ನೂ ಸೋಲಿಸುವ ಜಾತಿಗೆ, ಹುಕುಮ್. ಒಂದು ಸಂಜೆ ಆಡಿದರೆ ಅದೂ ಸರಿಹೋಗುತ್ತದೆ.

ನಿಯಮ ಚಿಕ್ಕದು. ಜೋಕರ್ ತೆಗೆದ 52 ಎಲೆಗಳ ಒಂದು ಕಟ್ಟು. ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಎರಡರವರೆಗೆ. ನಾಲ್ವರು ಇದ್ದರೆ ಆಟ ಚೆನ್ನ. ಐದಾರು ಜನರೂ ಆಡಬಹುದು. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೇ ಎಲೆ. ಎರಡನೆಯ ಸುತ್ತಿಗೆ ಎರಡು, ಮೂರನೆಯದಕ್ಕೆ ಮೂರು. ಏಳೋ ಎಂಟೋ ತಲುಪಿದ ಮೇಲೆ ಮತ್ತೆ ಒಂದೊಂದೇ ಇಳಿಸಿಕೊಂಡು ಬರುತ್ತಾರೆ. ತುರುಪು ಪ್ರತಿ ಸುತ್ತಿಗೂ ಬದಲಾಗುತ್ತದೆ. ಅದರ ಸರದಿ ಆಟದ ಹೆಸರಿನಲ್ಲೇ ಇದೆ: ಕಾ ಅಂದರೆ ಕಪ್ಪು ಇಸ್ಪೀಟು (ಸ್ಪೇಡ್) ಜಾತಿ, ಚು ಅಂದರೆ ಡೈಮಂಡ್, ಫು ಅಂದರೆ ಫುಲ್ಲಿ ಎನ್ನುವ ಕಳಾವರ್, ಕೊನೆಗೆ ಲಾಲ್, ಅಂದರೆ ಆಟೀನ್. ಇಷ್ಟು ನೆನಪಿದ್ದರೆ "ಈಗ ತುರುಪು ಯಾವುದು?" ಎಂದು ಪ್ರತಿ ಸಲ ಕೇಳಬೇಕಾಗಿಲ್ಲ.

ಎಲೆ ನೋಡಿದ ಮೇಲೆ, ಆಡುವ ಮೊದಲು, ಪ್ರತಿಯೊಬ್ಬರೂ ಎಷ್ಟು ಕೈ ಮಾಡುತ್ತೇವೆ ಎಂದು ಹೇಳಬೇಕು. ಹಂಚಿದವರ ಪಕ್ಕದವರು ಮೊದಲು ಹೇಳುತ್ತಾರೆ, ಹಂಚಿದವರು ಕೊನೆಗೆ. ಮೊದಲ ಎಲೆ ಇಳಿಸುವುದೂ ಆ ಪಕ್ಕದವರೇ. ಇಳಿದ ಜಾತಿಯ ಎಲೆ ನಿಮ್ಮ ಹತ್ತಿರ ಇದ್ದರೆ ಅದನ್ನೇ ಹಾಕಬೇಕು. ಇಲ್ಲದಿದ್ದರೆ ತುರುಪು ಹಾಕಿ ಕಟ್ ಮಾಡಬಹುದು, ಅಥವಾ ಬೇಡದ ಯಾವುದೋ ಎಲೆ ಎಸೆಯಬಹುದು. ತುರುಪು ಹಾಕಲೇಬೇಕು ಎಂಬ ಕಡ್ಡಾಯ ಇಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ತುರುಪು ಬಿದ್ದಿದ್ದರೆ ದೊಡ್ಡ ತುರುಪು ಹಾಕಿದವರಿಗೆ, ಇಲ್ಲದಿದ್ದರೆ ಇಳಿದ ಜಾತಿಯಲ್ಲಿ ದೊಡ್ಡ ಎಲೆ ಹಾಕಿದವರಿಗೆ ಆ ಕೈ. ಗೆದ್ದವರು ಮುಂದಿನ ಎಲೆ ಇಳಿಸುತ್ತಾರೆ.

ಹೇಳಿದಷ್ಟೇ ಆದರೆ ಹತ್ತಕ್ಕೆ ಆ ಸಂಖ್ಯೆ ಸೇರಿಸಿ ಪಾಯಿಂಟು. ಮೂರು ಹೇಳಿ ಮೂರೇ ಮಾಡಿದರೆ 13. ಸೊನ್ನೆ ಹೇಳಿ ಸೊನ್ನೆ ಮಾಡಿದರೆ 10. ತಪ್ಪಿದರೆ ಏನೂ ಇಲ್ಲ.

ಈಗ ಆಟಕ್ಕೆ ಖಾರ ಹಚ್ಚುವ ನಿಯಮ. ಎಲ್ಲರೂ ಹೇಳಿದ್ದನ್ನು ಕೂಡಿಸಿದರೆ ಆ ಸುತ್ತಿನ ಎಲೆಗಳ ಸಂಖ್ಯೆ ಬರಬಾರದು. ಅದನ್ನು ತಪ್ಪಿಸುವ ಹೊಣೆ ಕೊನೆಗೆ ಹೇಳುವವರದು. ಐದು ಎಲೆಯ ಸುತ್ತಿನಲ್ಲಿ ಉಳಿದ ಮೂವರು ಸೇರಿ ನಾಲ್ಕು ಹೇಳಿದ್ದರೆ, ಹಂಚಿದವರು ಒಂದು ಎನ್ನುವಂತಿಲ್ಲ. ಅವರ ಎಲೆಗೆ ಒಂದೇ ಸರಿ ಅನಿಸಿದರೂ ಸೊನ್ನೆಗೆ ಇಳಿಯಬೇಕು ಅಥವಾ ಎರಡಕ್ಕೆ ಏರಬೇಕು. ಕೆಲವು ಮನೆಗಳಲ್ಲಿ "ಸುಮ್ನೆ ಯಾಕೆ ತಲೆಬಿಸಿ" ಎಂದು ಇದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಇದು ಇಲ್ಲದಿದ್ದರೆ ನಾಲ್ವರೂ ಹೇಳಿದಷ್ಟು ಮಾಡಿಕೊಂಡು ಆರಾಮಾಗಿ ಪಾಯಿಂಟು ಬರೆದುಕೊಳ್ಳಬಹುದು. ಇದು ಇದ್ದರೆ ಪ್ರತಿ ಸುತ್ತಿನಲ್ಲೂ ಒಬ್ಬರಾದರೂ ತಪ್ಪಲೇಬೇಕು. ಆ ಒಬ್ಬರು ನಾವಾಗದಂತೆ ನೋಡಿಕೊಳ್ಳುವುದೇ ಆಟ.

ಒಂದು ಎಲೆಯ ಸುತ್ತನ್ನು ಎಲ್ಲರೂ ಅದೃಷ್ಟ ಎನ್ನುತ್ತಾರೆ. ಆದರೆ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾಲ್ವರು ಆಡುತ್ತಿದ್ದೀರಿ, ತುರುಪು ಇಸ್ಪೀಟು, ಮೊದಲು ಇಳಿಸಬೇಕಾದವರು ನೀವು. ನಿಮಗೆ ಆಟೀನ್ ಎಕ್ಕ ಬಂದಿದೆ. ಒಂದು ಹೇಳುತ್ತೀರಾ, ಸೊನ್ನೆ ಹೇಳುತ್ತೀರಾ? ಹೊಸಬರು ಎಕ್ಕ ನೋಡಿದ ತಕ್ಷಣ ಒಂದು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಉಳಿದ 51 ಎಲೆಗಳಲ್ಲಿ 13 ಇಸ್ಪೀಟು. ಆ 13ರಲ್ಲಿ ಒಂದಾದರೂ ಮೂವರಲ್ಲಿ ಯಾರಿಗಾದರೂ ಬಿದ್ದಿದ್ದರೆ ನಿಮ್ಮ ಎಕ್ಕ ಹೋಯಿತು. ಮೂವರಿಗೂ ಇಸ್ಪೀಟು ಬಾರದೆ ಇರುವುದು ನೂರರಲ್ಲಿ ಸುಮಾರು 40 ಸಲ ಮಾತ್ರ. ಅಂದರೆ ಎಕ್ಕ ಇದ್ದರೂ ಸೋಲುವ ಸಾಧ್ಯತೆಯೇ ಜಾಸ್ತಿ. ಸೊನ್ನೆ ಹೇಳುವುದೇ ಸರಿ.

ಅದೇ ಸುತ್ತಿನಲ್ಲಿ ನಿಮಗೆ ಇಸ್ಪೀಟು ಎರಡು ಬಂದಿದ್ದರೆ? ಕಟ್ಟಿನಲ್ಲೇ ಚಿಕ್ಕ ತುರುಪು ಅದು. ಅದನ್ನು ಸೋಲಿಸಬಲ್ಲ ಎಲೆ 12. ಯಾರಿಗೂ ಅವು ಬಾರದಿರುವುದು ನೂರರಲ್ಲಿ ಸುಮಾರು 44 ಸಲ. ಆಟೀನ್ ಎಕ್ಕಕ್ಕಿಂತ ಇಸ್ಪೀಟು ಎರಡೇ ಮೇಲು! ಇಸ್ಪೀಟು ಮೂರಕ್ಕೆ 47 ಸಲ. ನಾಲ್ಕಕ್ಕೆ ಬಂದಾಗ ಲೆಕ್ಕ 51ಕ್ಕೆ ಏರಿ ಅರ್ಧ ದಾಟುತ್ತದೆ. ಹಾಗಾಗಿ ಒಂದೆಲೆ ಸುತ್ತಿಗೆ ಹೀಗೆ ಇಟ್ಟುಕೊಳ್ಳಿ: ತುರುಪಿನ ನಾಲ್ಕು ಅಥವಾ ಅದಕ್ಕಿಂತ ದೊಡ್ಡದು ಇದ್ದರೆ ಒಂದು, ಉಳಿದ ಎಲ್ಲಕ್ಕೂ ಸೊನ್ನೆ. ಮೊದಲು ಇಳಿಸುವ ಸರದಿ ನಿಮ್ಮದಲ್ಲದಿದ್ದರೆ ಬೇರೆ ಜಾತಿಯ ಎಕ್ಕ ಇನ್ನೂ ದಂಡ. ಅದೇ ಜಾತಿ ಇಳಿದರೆ ಮಾತ್ರ ಅದಕ್ಕೆ ಬೆಲೆ.

ಸುತ್ತಿನ ಎಲೆ ಹೆಚ್ಚಾದಂತೆ ಈ ಲೆಕ್ಕ ಬದಲಾಗುತ್ತದೆ. ಕಾರಣ ಮಲಗಿದ ಎಲೆಗಳು, ಅಂದರೆ ಯಾರಿಗೂ ಹಂಚದೆ ಕಟ್ಟಿನಲ್ಲೇ ಉಳಿದವು. ನಾಲ್ವರಿಗೆ ಏಳೇಳು ಹಂಚಿದರೆ 28 ಎಲೆ ಆಟದಲ್ಲಿವೆ, 24 ಮಲಗಿವೆ. ನಿಮ್ಮ ಹತ್ತಿರ ತುರುಪಿನ ರಾಜ ಇದ್ದರೆ "ಎಕ್ಕ ಯಾರ ಹತ್ತಿರ ಇದೆಯೋ" ಎಂಬ ಚಿಂತೆ ಸಹಜ. ಆದರೆ ನಿಮಗೆ ಕಾಣದ 45 ಎಲೆಗಳಲ್ಲಿ ಎದುರಾಳಿಗಳ ಹತ್ತಿರ ಇರುವುದು 21. ಎಕ್ಕ ಆಟದಲ್ಲಿ ಇರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕೆಲೆ ಸುತ್ತಿನಲ್ಲಿ ಅದು ಕಾಲು ಭಾಗ ಮಾತ್ರ. ಹತ್ತೆಲೆ ಸುತ್ತಿನಲ್ಲಿ ನೂರಕ್ಕೆ 71. ಹದಿಮೂರರಲ್ಲಿ ಎಲ್ಲ ಎಲೆಯೂ ಹೊರಗೆ, ಎಕ್ಕ ಯಾರದೋ ಹತ್ತಿರ ಖಂಡಿತ ಇದೆ. ಅದೇ ರಾಜ, ಬೆಲೆ ಮಾತ್ರ ಸುತ್ತಿಗೊಂದು. ಎಲೆ ನೋಡುವ ಮೊದಲು "ಈ ಸುತ್ತಿನಲ್ಲಿ ಎಷ್ಟು ಮಲಗಿವೆ?" ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡವರು ಬೇಗ ಕಲಿಯುತ್ತಾರೆ.

ಗೆಲ್ಲುವುದು ಹೇಗೆ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಈ ಆಟದ ನಿಜವಾದ ವಿದ್ಯೆ ಬೇಕೆಂದೇ ಸೋಲುವುದು. ಅದಕ್ಕೇ ಹೊಸಬರಿಗೆ ನಾನು ಮೊದಲು ಸೊನ್ನೆ ಆಡಲು ಕಲಿಸುತ್ತೇನೆ. ಚಿಕ್ಕವರಿದ್ದಾಗ ಕತ್ತೆ ಆಟ ಆಡಿದವರಿಗೆ ಅರ್ಧ ದಾರಿ ಆಗಲೇ ಗೊತ್ತಿರುತ್ತದೆ. ಒಂದು ಸೂತ್ರ: ಆ ಕೈ ಬೇಡ ಎಂದಾದರೆ, ಸೋಲುವ ಎಲೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಾಕಿ. ಆಟೀನ್ ರಾಜ ಬಿದ್ದಿದ್ದಾನೆ, ನಿಮ್ಮ ಹತ್ತಿರ ಆಟೀನ್ ರಾಣಿ ಮತ್ತು ಮೂರು ಇವೆ ಅಂದುಕೊಳ್ಳಿ. ಹೊಸಬರು ಹೆದರಿ ಮೂರು ಹಾಕುತ್ತಾರೆ. ಹಾಕಬೇಕಾದ್ದು ರಾಣಿ. ರಾಜನ ಕೆಳಗೆ ಅವಳು ಸದ್ದಿಲ್ಲದೆ ಹೋಗುತ್ತಾಳೆ, ಮೂರು ಮುಂದಿನ ಅಪಾಯಕ್ಕೆ ಉಳಿಯುತ್ತದೆ. ಯಾವುದೋ ಒಂದು ಜಾತಿ ನಿಮ್ಮ ಹತ್ತಿರ ಇಲ್ಲವೇ ಇಲ್ಲ ಎಂದರೆ ಇನ್ನೂ ಒಳ್ಳೆಯದು. ಆ ಜಾತಿ ಇಳಿದಾಗ ಕುತ್ತಿಗೆಗೆ ಬರುವ ದೊಡ್ಡ ಎಲೆಯನ್ನು ಅಲ್ಲಿ ಎಸೆದುಬಿಡಬಹುದು.

ಸೊನ್ನೆ ಆಡುವಾಗ ಹೆದರಬೇಕಾದ್ದು ಎಕ್ಕ ರಾಜರಿಗಲ್ಲ, ಒಂಟಿ ಎಲೆಗೆ. ಕಳಾವರ್ ರಾಜನ ಜೊತೆ ಕಳಾವರ್ ಎರಡು, ಮೂರು ಇದ್ದರೆ ಎರಡು ಸಲ ಚಿಕ್ಕದನ್ನು ಹಾಕಿ ತಪ್ಪಿಸಿಕೊಳ್ಳಬಹುದು. ರಾಜ ಒಂಟಿಯಾಗಿದ್ದರೆ, ಯಾರೋ ಐದು ಇಳಿಸಿದ ತಕ್ಷಣ ಅವನೇ ಹೊರಗೆ ಬರಬೇಕು, ಬೇಡದ ಕೈ ನಿಮ್ಮ ತಲೆಗೆ. ಗೆಲ್ಲಬೇಕೆಂದಿದ್ದರೂ ಇದೇ ಮಾತು. ಜೊತೆಗೆ ಚಿಕ್ಕ ಎಲೆ ಇದ್ದ ರಾಜ ಎಕ್ಕ ಬಿದ್ದು ಹೋಗುವವರೆಗೆ ಕಾಯಬಲ್ಲ, ಒಂಟಿ ರಾಜನಿಗೆ ಆ ಅನುಕೂಲ ಇಲ್ಲ. ಎಂಟು, ಒಂಬತ್ತು, ಹತ್ತು ಇನ್ನೂ ತೊಂದರೆ. ಗೆಲ್ಲಬೇಕು ಎಂದಾಗ ಸೋಲುತ್ತವೆ, ಸೋಲಬೇಕು ಎಂದಾಗ ಗೆಲ್ಲುತ್ತವೆ. ಇಂಥ ಎಲೆ ಜಾಸ್ತಿ ಇದ್ದರೆ ನೀವು ಎಷ್ಟು ಹೇಳಿದರೂ ಅಂದಾಜೇ.

ಇನ್ನು ಬೇರೆಯವರು ಹೇಳುವುದನ್ನು ಕಿವಿಗೊಟ್ಟು ಕೇಳಿ. ಎಲೆ ಕಾಣದಿದ್ದರೂ ಅದರ ಸುಳಿವು ಅಲ್ಲೇ ಸಿಗುತ್ತದೆ. ಐದೆಲೆ ಸುತ್ತಿನಲ್ಲಿ ಒಬ್ಬರು ಮೂರು ಎಂದರೆ ತುರುಪು ಅವರ ಹತ್ತಿರ ಕೂತಿದೆ. ನಿಮ್ಮ ಗುಲಾಮನ ಮೇಲೆ ಭರವಸೆ ಕಡಿಮೆ ಮಾಡಿ. ಮೂವರೂ ಸೊನ್ನೆ ಸೊನ್ನೆ ಎಂದರೆ ದೊಡ್ಡ ಎಲೆಗಳು ಮಲಗಿವೆ, ನಿಮ್ಮ ಹತ್ತಕ್ಕೂ ಈಗ ಬೆಲೆ ಬಂದಿದೆ.

ಎಲ್ಲರೂ ಹೇಳಿ ಮುಗಿದ ಮೇಲೆ ಮೊತ್ತ ಕೂಡಿಸಿ. ಇದನ್ನು ಮಾಡದವರು ಎಷ್ಟು ಆಡಿದರೂ ಮುಂದೆ ಬರುವುದಿಲ್ಲ. ಏಳೆಲೆಗೆ ಒಟ್ಟು ಒಂಬತ್ತು ಹೇಳಿದ್ದಾರೆ ಎಂದರೆ ಇರುವ ಕೈ ಏಳು, ಕೇಳುವವರು ಜಾಸ್ತಿ. ಎಲ್ಲರೂ ಎಳೆದಾಡುತ್ತಾರೆ, ದೊಡ್ಡ ಎಲೆ ಬೇಗ ಬೀಳುತ್ತದೆ. ಅಂಥ ಸುತ್ತಿನಲ್ಲಿ ಸೊನ್ನೆ ಹೇಳಿದವರಿಗೆ ಹಬ್ಬ. ಒಟ್ಟು ಐದು ಎಂದರೆ ಎರಡು ಕೈ ಯಾರಿಗೂ ಬೇಡ. ಅವು ಯಾರ ತಲೆಗೆ ಕಟ್ಟಬೇಕು ಎಂಬುದೇ ಹೋರಾಟ. ಆಗ ಸೊನ್ನೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಒಂದೇ ಎಲೆಗಳು ಕೂಡ ಈ ಎರಡು ಸಂದರ್ಭದಲ್ಲಿ ಬೇರೆ ಬೇರೆ ರೀತಿ ಆಡಿಸಬೇಕಾಗುತ್ತದೆ.

ಒಂದು ಸುತ್ತನ್ನು ಪೂರ್ತಿ ಬಿಡಿಸಿ ನೋಡೋಣ. ಏಳೆಲೆ, ತುರುಪು ಡೈಮಂಡ್. ಹಂಚಿದವರು ಕಾಕೂ, ಮೊದಲು ಹೇಳಬೇಕಾದವರು ನೀವು. ನಿಮ್ಮ ಎಲೆಗಳು: ಡೈಮಂಡ್ ರಾಣಿ ಮತ್ತು ನಾಲ್ಕು, ಇಸ್ಪೀಟು ಎಕ್ಕ ಮತ್ತು ಮೂರು, ಆಟೀನ್ ಹತ್ತು ಮತ್ತು ಆರು, ಕಳಾವರ್ ಎರಡು. ಇಸ್ಪೀಟು ಎಕ್ಕ ಬೇಗ ಆಡಿದರೆ ಹೆಚ್ಚು ಕಡಿಮೆ ಖಚಿತ. ತಡ ಮಾಡಿದರೆ ಯಾರೋ ಇಸ್ಪೀಟು ಖಾಲಿ ಮಾಡಿಕೊಂಡು ಕಟ್ ಮಾಡುತ್ತಾರೆ. ಕಳಾವರ್ ಒಂದೇ ಇದೆ, ಅದು ಹೋದ ಮೇಲೆ ಕಳಾವರ್ ಇಳಿದಾಗ ನೀವು ತುರುಪು ಹಾಕಬಹುದು. ಹಾಗಾಗಿ ತುರುಪಿನಿಂದ ಒಂದು. ಎರಡು ಎನ್ನಿ.

"ಅಣ್ಣಾ, ನೀವು ಎಷ್ಟು?" ಅಣ್ಣ ಒಂದು ಎನ್ನುತ್ತಾರೆ. ಅತ್ತಿಗೆ ಎರಡು. ಇಲ್ಲಿಗೆ ಐದಾಯಿತು. ಕಾಕೂಗೂ ಎರಡು ಹೇಳುವ ಮನಸ್ಸು, ಆದರೆ ಮೊತ್ತ ಏಳಾಗುತ್ತದೆ. ಅವರು ಒಂದು ಎನ್ನುತ್ತಾರೆ. ಒಟ್ಟು ಆರು. ಒಂದು ಕೈ ಅನಾಥ. ಅಂದರೆ ನಿಮ್ಮ ಚಿಂತೆ ಎರಡು ಮಾಡುವುದಲ್ಲ, ಮೂರನೆಯದು ಬಾರದಂತೆ ತಡೆಯುವುದು.

ಇಸ್ಪೀಟು ಎಕ್ಕ ಇಳಿಸಿ. ಒಂದು ಕೈ ಬಂತು. ಆಮೇಲೆ ಕಳಾವರ್ ಎರಡು ಇಳಿಸಿ ಕೈಬಿಡಿ, ಬೇರೆ ಯಾರಾದರೂ ಅದನ್ನು ತೆಗೆದುಕೊಳ್ಳುತ್ತಾರೆ. ಗೆದ್ದವರು ಮತ್ತೆ ಕಳಾವರ್ ಇಳಿಸಿದರು ಅಂದುಕೊಳ್ಳಿ. ಈಗ ಕಟ್ ಮಾಡಬೇಕು. ಯಾವುದರಿಂದ? ನಾಲ್ಕರಿಂದ ಸಾಕು ಅಲ್ವಾ, ರಾಣಿಯನ್ನು ಯಾಕೆ ಖರ್ಚು ಮಾಡಬೇಕು ಅನಿಸುತ್ತದೆ. ಆದರೆ ರಾಣಿಯನ್ನೇ ಹಾಕಿ. ಅದರ ಮೇಲೆ ಹೋಗಬಲ್ಲದ್ದು ಡೈಮಂಡ್ ರಾಜ, ಎಕ್ಕ ಮಾತ್ರ. ಅವು ಮಲಗಿರಲೂಬಹುದು, ಕಳಾವರ್ ಇರುವವರ ಹತ್ತಿರ ಸಿಕ್ಕಿಕೊಂಡಿರಲೂಬಹುದು. ಕೈ ಬಂದರೆ ಎರಡೂ ಮುಗಿಯಿತು. ಅದಕ್ಕಿಂತ ಮುಖ್ಯ, ಉಳಿದದ್ದು ನಾಲ್ಕು. ರಾಣಿ ಉಳಿದಿದ್ದರೆ ಅವಳನ್ನು ಸೋಲಿಸಲು ಯಾರನ್ನು ಹುಡುಕುತ್ತೀರಿ?

ಈಗ ನಿಮ್ಮ ಹತ್ತಿರ ಡೈಮಂಡ್ ನಾಲ್ಕು, ಇಸ್ಪೀಟು ಮೂರು, ಆಟೀನ್ ಹತ್ತು, ಆರು. ಇಳಿಸುವ ಸರದಿಯೂ ನಿಮ್ಮದೇ. ಇದೇ ಹೊತ್ತಿನಲ್ಲಿ ಡೈಮಂಡ್ ನಾಲ್ಕನ್ನು ಇಳಿಸಿಬಿಡಿ. ಇನ್ನೂ ಎಲ್ಲರ ಹತ್ತಿರ ನಾಲ್ಕು ನಾಲ್ಕು ಎಲೆ ಇವೆ, ಯಾರೋ ಒಬ್ಬರ ಹತ್ತಿರ ದೊಡ್ಡ ಡೈಮಂಡ್ ಇರುವ ಸಂಭವ ತುಂಬ ಹೆಚ್ಚು. ಕೊನೆಯವರೆಗೆ ಬಚ್ಚಿಟ್ಟರೆ ಉಳಿದವರ ತುರುಪು ತೀರಿಹೋಗಿ, ಕೊನೆಯ ಎಲೆಯಾಗಿ ಈ ಚಿಕ್ಕ ನಾಲ್ಕೇ ಬೇಡದ ಕೈ ಗೆದ್ದುಕೊಡುತ್ತದೆ. ಆಮೇಲೆ ಉಳಿಯುವ ಅಪಾಯ ಆಟೀನ್ ಹತ್ತು ಒಂದೇ. ಆಟೀನ್‌ನಲ್ಲಿ ಯಾರಾದರೂ ದೊಡ್ಡದು ಹಾಕಿದಾಗ ಅದರ ಕೆಳಗೆ, ಅಥವಾ ಕಳಾವರ್ ಇಲ್ಲವೇ ಡೈಮಂಡ್ ಇಳಿದಾಗ ಸುಮ್ಮನೆ, ಅದನ್ನು ಎಸೆಯಿರಿ. ಇಸ್ಪೀಟು ಮೂರು, ಆಟೀನ್ ಆರು ಹೆಚ್ಚು ತೊಂದರೆ ಕೊಡುವುದಿಲ್ಲ.

ಅದೇ ಎಲೆಗಳಿಗೆ ಒಟ್ಟು ಮೊತ್ತ ಒಂಬತ್ತು ಇದ್ದಿದ್ದರೆ ಆಟ ತಿರುಗುತ್ತಿತ್ತು. ಕೈಗಳಿಗೆ ಕಿತ್ತಾಟ ಇರುವಾಗ ಡೈಮಂಡ್ ನಾಲ್ಕನ್ನು ಹಾಗೆ ಬಿಟ್ಟುಕೊಡಲು ಆಗುವುದಿಲ್ಲ. ಕಟ್ ಮಾಡಲು ಸಿಕ್ಕ ಪ್ರತಿ ಅವಕಾಶವೂ ಬೇಕು.

ಎಲೆ ಹಾಕಿ ಕೈ ಗೆಲ್ಲುವ ಆಟ ಈ ಕರಾವಳಿಗೆ ಹೊಸದಲ್ಲ. ಗೋವಾ ಗಡಿಯ ಸಾವಂತವಾಡಿಯಲ್ಲಿ ದುಂಡನೆಯ ಗಂಜೀಫಾ ಎಲೆಗಳನ್ನು ಈಗಲೂ ಕೈಯಲ್ಲೇ ಬಣ್ಣ ಹಚ್ಚಿ ಮಾಡುತ್ತಾರೆ. ದಶಾವತಾರ ಗಂಜೀಫಾದಲ್ಲಿ ಹತ್ತು ಜಾತಿ, ಒಂದೊಂದರಲ್ಲಿ 12, ಒಟ್ಟು 120 ಎಲೆ. ಹಗಲಲ್ಲಿ ಆಡಿದರೆ ರಾಮನ ಎಲೆಯಿಂದ ಶುರು, ರಾತ್ರಿಯಾದರೆ ಕೃಷ್ಣನದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಗಂಜೀಫಾ ಅಂದರೆ ಬಹಳ ಪ್ರೀತಿ ಇತ್ತು. ಆದರೆ ಹೇಳಿದಷ್ಟೇ ಮಾಡಬೇಕು ಎಂಬ ಜಡ್ಜ್‌ಮೆಂಟಿನ ಕಟ್ಟಳೆ ತಡವಾಗಿ ಬಂದದ್ದು. ಇಂಗ್ಲಿಷಿನಲ್ಲಿ ಓ ಹೆಲ್ ಎನ್ನುವ ಇದೇ ಆಟ 1930ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂತು. ಕೆನಡಾದ ಕೆನ್ ಫಿಶರ್ 1984ರಲ್ಲಿ ಇದಕ್ಕೆ ಎಂಟು ವಿಶೇಷ ಎಲೆ ಸೇರಿಸಿ, 60 ಎಲೆಗಳ ವಿಝರ್ಡ್ ಎಂಬ ಆಟ ಮಾಡಿದರು. ಅದರಲ್ಲಿ ನಾಲ್ಕು ಎಲೆ ಯಾವುದನ್ನಾದರೂ ಗೆಲ್ಲುತ್ತವೆ, ನಾಲ್ಕು ಯಾವುದಕ್ಕಾದರೂ ಸೋಲುತ್ತವೆ. ಎರಡನೆಯ ನಾಲ್ಕಕ್ಕೂ ಬೆಲೆ ಇದೆ ಎಂಬುದು ಇಷ್ಟು ಓದಿದವರಿಗೆ ಹೇಳಬೇಕಾಗಿಲ್ಲ.

ಪಾಯಿಂಟಿನ ಲೆಕ್ಕ ಮನೆಯಿಂದ ಮನೆಗೆ ಬೇರೆ. ಕೆಲವರು ಒಂದಕ್ಕೆ 11, ಎರಡಕ್ಕೆ 22, ಮೂರಕ್ಕೆ 33 ಕೊಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಒಳ್ಳೆಯ ಎಲೆ ಬಂದವರು ಒಂದೇ ಸುತ್ತಿನಲ್ಲಿ ಓಡಿಬಿಡುತ್ತಾರೆ, ಕಷ್ಟಪಟ್ಟು ಸೊನ್ನೆ ಉಳಿಸಿಕೊಂಡವರ ಜಾಣತನಕ್ಕೆ ಬೆಲೆ ಇಲ್ಲದಂತಾಗುತ್ತದೆ. ಹತ್ತಕ್ಕೆ ಸೇರಿಸುವ ಹಳೆಯ ಲೆಕ್ಕದಲ್ಲಿ ಕೆಟ್ಟ ಎಲೆ ಬಂದವರಿಗೂ ಆಟ ಉಳಿದಿರುತ್ತದೆ. ಯಾವ ಲೆಕ್ಕ ಇಟ್ಟುಕೊಂಡರೂ ಹಂಚುವ ಮೊದಲೇ ತೀರ್ಮಾನ ಮಾಡಿ. ಹಣ ಕಟ್ಟುವುದಂತೂ ಬೇಡ. ಪಾಯಿಂಟು ಬರೆಯುವ ಹಾಳೆಯೇ ಇದಕ್ಕೆ ಸಾಕಷ್ಟು ಬಿಸಿ ಏರಿಸುತ್ತದೆ.

ಕಲಿಸಲು ಕೂರುವವರಿಗೆ ಒಂದೆರಡು ಮಾತು. ಹೊಸಬರಿದ್ದರೆ ಒಂದರಿಂದ ಐದಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯಿರಿ. ಏಳು ಎಂಟರವರೆಗೆ ಹೋದರೆ ಅವರಿಗೆ ಭಾರ ಆಗುತ್ತದೆ. ಎಲ್ಲರೂ ಹೇಳಿದ್ದನ್ನು ದೊಡ್ಡದಾಗಿ ಬರೆದು ನಡುವೆ ಇಡಿ, ಮೊತ್ತವನ್ನೂ ಬರೆಯಿರಿ. ರೈಲಿನಲ್ಲಾದರೆ ಮೊಬೈಲ್‌ನಲ್ಲಿ ಬರೆದಿಟ್ಟರೂ ಆಯಿತು. ಸುತ್ತು ಮುಗಿದ ಮೇಲೆ ತಪ್ಪಿದವರಿಗೆ "ಯಾಕೆ ಅಷ್ಟು ಹೇಳಿದೆ?" ಎಂದು ಗದರಬೇಡಿ. ಯಾವ ಎಲೆಯನ್ನು ಎಲ್ಲಿ ಬಿಟ್ಟುಕೊಡಬಹುದಿತ್ತು ಎಂದು ಆ ಕೈಯ ನಾಲ್ಕು ಎಲೆಗಳನ್ನು ಮತ್ತೆ ಹರಡಿ ತೋರಿಸಿ. ಮಕ್ಕಳಿಗೆ ಕೂಡಿಸುವುದು ಕಳೆಯುವುದು ಬಂದರೆ ಸಾಕು, ಧಾರಾಳವಾಗಿ ಸೇರಿಸಿಕೊಳ್ಳಬಹುದು. ಎಲ್ಲರಿಗೂ ಆಟ ಪಳಗಿದ ಮೇಲೆ ಒಂದೆಲೆ ಸುತ್ತನ್ನು ಇನ್ನೊಂದು ರೀತಿ ಆಡಿ ನೋಡಿ. ನಿಮ್ಮ ಎಲೆಯನ್ನು ನೀವು ನೋಡದೆ, ಎಲ್ಲರಿಗೂ ಕಾಣುವಂತೆ ಹಣೆಗೆ ಹಿಡಿಯಬೇಕು. ಬೇರೆಯವರ ಮೂರೂ ಎಲೆ ನಿಮಗೆ ಕಾಣುತ್ತವೆ, ನಿಮ್ಮದೊಂದು ಬಿಟ್ಟು. ಮೂವರಲ್ಲಿ ಒಬ್ಬರ ಹತ್ತಿರವೂ ತುರುಪು ಕಾಣದಿದ್ದರೆ, ಒಂದು ಎನ್ನುವ ಮೊದಲು ಒಂದು ಲೆಕ್ಕ ನೆನಪಿರಲಿ: ನಿಮಗೆ ಕಾಣದ 49 ಎಲೆಗಳಲ್ಲಿ ತುರುಪು 13.